ನರಗುಂದದಲ್ಲಿ ಹಡಗಿಗೆ ಬಣ್ಣ

ದತ್ತಾತ್ರೇಯ ಮುಂಬೈ ಬಿಟ್ಟು ತಂಗಿಯ ಮನೆಗೆ ಬಂದದ್ದು ಹೋಳಿ ಹುಣ್ಣಿಮೆ ಮುಗಿದ ವಾರ. ಗದಗಿನಿಂದ ಬಂದ ಬಸ್ಸಿನ ಮೇಲಿಂದ ಟ್ರಂಕು, ಹಾಸಿಗೆ ಸುರುಳಿ ಎಲ್ಲ ಇಳಿದವು. ಆದರೆ ಹಳೆಯ ಧೋತರದಲ್ಲಿ ಸುತ್ತಿದ ಒಂದು ಉದ್ದನೆಯ ಗಂಟನ್ನು ಅವನು ಯಾರ ಕೈಗೂ ಕೊಡಲಿಲ್ಲ. ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡೇ ಬಂದಿದ್ದ. ಪಡಸಾಲೆಯಲ್ಲಿ ಅದನ್ನು ಬಿಚ್ಚಿದಾಗ ಒಳಗಿನಿಂದ ಒಂದು ಹಡಗು ಹೊರಬಂತು.

ಸುಮಾರು ಎರಡು ಮೊಳ ಉದ್ದದ ಹಡಗು. ದೇವದಾರು ಕಟ್ಟಿಗೆಯನ್ನು ಕೆತ್ತಿ, ಉಜ್ಜಿ, ಗಾಜಿನಷ್ಟು ನುಣುಪು ಮಾಡಿದ್ದು. ಮೇಲೆ ಹೊಗೆಯ ಕೊಳವೆ, ಸಾಲು ಕಿಟಕಿ, ಹುರಿಯ ಏಣಿ, ಬೆರಳಿನ ಉಗುರಿನಷ್ಟು ಸಣ್ಣ ದೋಣಿಗಳು ಎಲ್ಲ ಇದ್ದವು. ಬಣ್ಣ ಮಾತ್ರ ಇರಲಿಲ್ಲ.

ತಂಗಿ ಇಂದಿರಾಬಾಯಿಯ ಗಂಡ ಗುರುರಾಜರು ವಕೀಲರು. ನಗೆ ಮಾತಿನ ಮನುಷ್ಯ. ಹಡಗಿನ ಸುತ್ತ ಒಂದು ಸುತ್ತು ಬಂದು, "ದತ್ತೋಪಂತರ, ನಮ್ಮೂರಾಗ ಈಗ ಬಾವಿ ನೀರು ಸೈತ ತಳ ಹಿಡದಾವ. ಇದನ್ನ ಎಲ್ಲಿ ತೇಲಸೋಣು ಹೇಳ್ರಿ?" ಎಂದರು.

ದತ್ತಾತ್ರೇಯ ನಕ್ಕ. ನಗುತ್ತಲೇ ಚಹಾದ ಕಪ್ಪು ಎತ್ತಿಕೊಂಡ. ಕಪ್ಪು ಬಶಿಗೆ ತಾಗಿ ಟಣಟಣ ಸದ್ದು ಮಾಡಿತು, ಚಹಾ ತುಳುಕಿ ಅಂಗಿಯ ಮೇಲೆ ಬಿತ್ತು. ಅವನು ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡು ಹ್ಯಾಗೋ ಕುಡಿದು ಮುಗಿಸಿದ. ಗುರುರಾಜರು ಕಿಟಕಿಯ ಕಡೆ ನೋಡಿದರು. ಇಂದಿರಾಬಾಯಿ ಅಣ್ಣನ ಕೈಯನ್ನೇ ನೋಡಿದಳು. ಆರೋಗ್ಯ ಸರಿಯಿಲ್ಲ, ನೌಕರಿ ಬಿಟ್ಟು ಬರುತ್ತೇನೆ ಎಂದು ಅವನು ತಿಳಿಸಿದ್ದ, ಏನಾಗಿದೆ ಎಂದು ಹೇಳಿರಲಿಲ್ಲ.

ಅವನು ಮುಂಬೈ ಬಂದರಿನ ಒಂದು ಕಚೇರಿಯಲ್ಲಿ ಹಡಗುಗಳ ನಕ್ಷೆ ತೆಗೆಯುವವನಾಗಿದ್ದ. ಹರೆಯದಿಂದ ಮಾಡಿದ್ದು ಅದೊಂದೇ ಕೆಲಸ. ಮದುವೆ ಮಾಡಿಕೊಳ್ಳಲಿಲ್ಲ. ರವಿವಾರ ಬಂತೆಂದರೆ ಖೋಲಿಯಲ್ಲಿ ಕೂತು ಸಣ್ಣ ಸಣ್ಣ ಹಡಗು ಕೆತ್ತುವುದು ಅವನ ಚಟ. ಸಿನಿಮಾ ಇಲ್ಲ, ಇಸ್ಪೀಟು ಇಲ್ಲ, ಇದೊಂದು. ಆಮೇಲೆ ಬಲಗೈ ನಡುಗಲು ಶುರುವಾಯಿತು. ಇದು ನರದ್ದು, ಇದಕ್ಕೆ ಔಷಧಿ ಇಲ್ಲ ಎಂದು ಡಾಕ್ಟರರು ಹೇಳಿದರು. ನೇರ ಗೆರೆ ಎಳೆಯಲಾಗದವನನ್ನು ಕಚೇರಿ ಎಷ್ಟು ದಿನ ಇಟ್ಟುಕೊಂಡೀತು? ಈ ಹಡಗು ಕೆತ್ತನೆ ಮುಗಿದು ಬಣ್ಣಕ್ಕೆ ಬಂದಾಗ ಕೈ ಪೂರಾ ಮಾತು ಕೇಳದಂತಾಗಿತ್ತು.

ನರಗುಂದದಲ್ಲಿ ಅವನಿಗೆ ಮಾಡಲು ಏನೂ ಇರಲಿಲ್ಲ. ಮುಂಜಾನೆ ಪೇಪರು ಓದುವನು, ಸಂಜೆ ಗುಡ್ಡದ ಕಡೆ ತಿರುಗಾಡಿ ಬರುವನು, ನಡುವಿನ ಹೊತ್ತೆಲ್ಲ ಹಡಗಿನ ಮುಂದೆ ಕೂಡುವನು. ಒಂದು ದಿನ ಇಂದಿರಾಬಾಯಿ ಅವಲಕ್ಕಿಯ ತಾಟು ತಂದು ಇಟ್ಟವಳು ಅಲ್ಲಿಯೇ ನಿಂತಳು.

"ಅಣ್ಣಾ, ಇದಕ್ಕ ಬಣ್ಣ ಹ್ಯಾಂಗ ಹಚ್ಚತಾರ? ಕುಂಚದಲೇ?"

"ಕುಂಚದಲೇ ಹಚ್ಚಿದ್ರ ಕೂದಲಿನ ಗೆರಿ ಮೂಡತಾವ. ಖರೇ ಹಡಗಿನ ಮ್ಯಾಲ ಅಂಥಾ ಗೆರಿ ಇರೂದಿಲ್ಲಲ್ಲ. ಅದಕ್ಕ ಬ್ಯಾರೆ ಸಾಮಾನದ."

ಟ್ರಂಕಿನಿಂದ ಒಂದು ತಗಡಿನ ಪೆಟ್ಟಿಗೆ ತೆಗೆಸಿದ. ಒಳಗೆ ಮಖಮಲ್ಲಿನ ಮೇಲೆ ಫೌಂಟನ್ ಪೆನ್ನಿನಂಥ ಒಂದು ಬೆಳ್ಳಿ ಬಣ್ಣದ ವಸ್ತು. ಬೆನ್ನ ಮೇಲೆ ಒಂದು ಗುಂಡಿ, ಪಕ್ಕಕ್ಕೆ ಅಂಗುಷ್ಠದಷ್ಟು ಬಟ್ಟಲು, ಕೆಳಗೆ ರಬ್ಬರ್ ನಳಿಗೆ ಸಿಕ್ಕಿಸಲು ಮೂತಿ. ಏರ್ ಬ್ರಶ್ ಎಂದ. ಬಟ್ಟಲಿಗೆ ಬಣ್ಣ ಹಾಕಬೇಕು, ನಳಿಗೆಯಿಂದ ಗಾಳಿ ಒತ್ತಬೇಕು, ಗುಂಡಿ ಅದುಮಿ ಹಿಂದಕ್ಕೆ ಜಗ್ಗಿದರೆ ಒಳಗಿನ ಸೂಜಿ ಸರಿದು ಬಣ್ಣ ಮಂಜಿನಂತೆ ಹಾರಿ ಬೀಳುತ್ತದೆ. ಮುಂಬೈಯಲ್ಲಿ ಕಚೇರಿಯ ಗಾಳಿಯ ಯಂತ್ರಕ್ಕೆ ಹಚ್ಚಿ ಇದನ್ನು ನಡೆಸುತ್ತಿದ್ದ.

ಇಂದಿರಾಬಾಯಿ ಅದನ್ನು ಕೈಯಲ್ಲಿ ಹಿಡಿದು ನೋಡಿದಳು. ಮಗಳ ಮದುವೆಯಾಗಿ ಗಜೇಂದ್ರಗಡಕ್ಕೆ ಹೋದ ಮೇಲೆ ಅವಳಿಗೂ ಹೊತ್ತು ಉಳಿಯುತ್ತಿತ್ತು. ಕಸೂತಿ ಹಾಕುತ್ತಿದ್ದಳು. ಎಳೆ ಎಣಿಸಿ ಎಣಿಸಿ ಹೊಲೆದು ಅವಳ ಕೈ ಹದವಾಗಿತ್ತು.

"ನೀ ಹೇಳು, ನಾ ಹೊಡೀತೀನಿ" ಎಂದಳು.

"ಇದು ಹೇಳಿ ಮಾಡಸೂ ಕೆಲಸಲ್ಲ ಇಂದೂ."

"ಅವ್ವ ನನಗ ಅಡಿಗಿ ಹೇಳೇ ಕಲಿಸಿದ್ಲು. ಆಕಿ ಹಾಸಿಗಿ ಹಿಡದಿದ್ಲು, ಮರ್ತಿಯೇನು? ಅಲ್ಲಿಂದನ ಹೇಳ್ತಿದ್ಲು, ಇಲ್ಲೆ ನಾ ಒಲಿ ಮುಂದ ಮಾಡ್ತಿದ್ದೆ."

ಮರುದಿನ ದತ್ತಾತ್ರೇಯ ತಾನಾಗಿಯೇ, "ಊರಾಗ ಗಾಳಿ ತುಂಬವರು ಯಾರದಾರ?" ಎಂದು ಕೇಳಿದ.

ಗಾಳಿ ತುಂಬುವವನು ಪೇಟೆಯ ಸೈಕಲ್ ಅಂಗಡಿಯ ಕಾಶೀಂಸಾಬ. ಹಳೆಯ ಜೀಪಿನ ಒಂದು ಗಾಲಿಯನ್ನು ಅವನು ಎಲ್ಲಿಂದಲೋ ಹುಡುಕಿ ತಂದು, ಟ್ಯೂಬಿನ ಬಾಯಿಗೆ ರಬ್ಬರ್ ನಳಿಗೆ ಕಟ್ಟಿ, ನಡುವೆ ಗಾಳಿ ಬಿಡಲು, ನಿಲ್ಲಿಸಲು ಒಂದು ತಿರುಪು ಕೂಡಿಸಿಕೊಟ್ಟ. ಗಾಲಿಯನ್ನು ಹಿತ್ತಲ ಕಡೆಯ ಕಟ್ಟಿಗೆ ಖೋಲಿಗೆ ಉರುಳಿಸಿ ತಂದು ನಿಲ್ಲಿಸುವಾಗ ಅವನಿಗೆ ತಡೆಯಲಾಗಲಿಲ್ಲ.

"ಸಾಹೇಬ್ರ, ಹಡಗಕ್ಕ ಗಾಲಿ ಹಚ್ಚತೀರೇನ್ರಿ?"

"ಗಾಲಿ ಅಲ್ಲೋ ಮಾರಾಯಾ, ಗಾಳಿ" ಎಂದ ದತ್ತಾತ್ರೇಯ. ನರಗುಂದಕ್ಕೆ ಬಂದ ಮೇಲೆ ಅವನು ಚೇಷ್ಟೆಯ ಮಾತು ಆಡಿದ್ದು ಅದೇ ಮೊದಲು.

ಹಡಗನ್ನು ಮುಟ್ಟುವ ಮೊದಲು ಹಳೆಯ ಎಣ್ಣೆ ಡಬ್ಬಿಯ ತಗಡಿನ ಮೇಲೆ ಕೈ ಕುದುರಿಸಬೇಕೆಂದು ಮಾತಾಯಿತು. ಬಣ್ಣ ಮೋಟಾರಿಗೆ ಹೊಡೆಯುವಂಥದು, ಬೇಗ ಒಣಗುವಂಥದು. ಅದಕ್ಕೆ ಥಿನ್ನರ್ ಬೆರೆಸಿ ತೆಳು ಮಾಡಬೇಕು.

"ಎಷ್ಟು ತೆಳು?"

"ಹಾಲಿನ್ಹಾಂಗ."

"ಯಾವ ಹಾಲು? ಎಮ್ಮೀದೋ ಆಕಳದ್ದೋ? ಹಸೀದೋ ಕಾಸಿದ್ದೋ?"

ಅವನು ಆಕೆಯ ಮುಖ ನೋಡಿದ. ಚೇಷ್ಟೆ ಇರಲಿಲ್ಲ, ಖರೇ ಕೇಳುತ್ತಿದ್ದಳು. ಇಷ್ಟು ವರ್ಷ ಬಣ್ಣ ಕಲೆಸಿದವನಿಗೆ ಆ ಪ್ರಶ್ನೆ ಎಂದೂ ಬಂದಿರಲಿಲ್ಲ. ಕಲೆಸಿ ಬಟ್ಟಲು ವಾರೆ ಮಾಡಿ ನೋಡುತ್ತಿದ್ದ, ಸರಿಯಿದೆಯೋ ಇಲ್ಲವೋ ಕಣ್ಣಿಗೆ ತಿಳಿಯುತ್ತಿತ್ತು. ಅಷ್ಟೇ.

"ಆಕಳದ್ದು, ಹಸೀದು" ಎಂದ ಕಡೆಗೆ. "ಬಟ್ಟಲಾ ವಾರಿ ಮಾಡಿದ್ರ ಬಣ್ಣ ಕೆಳಗ ಇಳದಮ್ಯಾಲೂ ಗ್ವಾಡಿಗೆ ಒಂದು ತೆಳು ಪದರ ಉಳೀಬೇಕು. ಪದರ ಉಳೀದಿದ್ರ ನೀರಾಗೇದ ಅಂತ ತಿಳಿ. ಇಳೀಲೇ ಇಲ್ಲಂದ್ರ ಗಟ್ಟಿ ಅದ."

ಮೊದಲ ದಿನ ಬಣ್ಣ ಬರಲೇ ಇಲ್ಲ. ಬರಿ ಗಾಳಿ ಸುಯ್ಯೆಂದಿತು. ಆಮೇಲೆ ಥೂ ಎಂದು ಉಗುಳಿದ ಹಾಗೆ ದೊಡ್ಡ ದೊಡ್ಡ ಹನಿ ಬಿದ್ದವು. ಬಿಚ್ಚಿ ನೋಡಿದರೆ ಸೂಜಿಯ ತುದಿಗೆ ಬಣ್ಣದ ಕೆನೆ ಸಿಕ್ಕಿತ್ತು. ಡಬ್ಬಿಯಲ್ಲಿ ಬಹಳ ದಿನ ಕೂತ ಬಣ್ಣದಲ್ಲಿ ಗಂಟು ಇರುತ್ತವೆ, ಸೋಸಬೇಕು ಎಂದು ಅವನಿಗೆ ಆಗ ನೆನಪಾಯಿತು. ಇಂದಿರಾಬಾಯಿ ಗಂಡನ ಹಳೆಯ ಮಲಮಲ್ ಧೋತರದ ಅಂಚು ಹರಿದು ಬಣ್ಣ ಸೋಸಿದಳು. ಸೂಜಿಯನ್ನು ಥಿನ್ನರಿನಲ್ಲಿ ತೊಳೆದು, ಕಿವಿಯ ಓಲೆ ಹಾಕುವಷ್ಟು ಜೋಪಾನವಾಗಿ ಒಳಗೆ ಸೇರಿಸಿದಳು. ಆ ದಿನದಿಂದ ಪ್ರತಿ ಸಲ ಕೆಲಸ ಮುಗಿದ ಕೂಡಲೇ ತೊಳೆಯುವುದು ರೂಢಿಯಾಯಿತು.

ನಿಜವಾದ ತೊಂದರೆ ಶುರುವಾದದ್ದು ಬಿಸಿಲು ಬಲಿತ ಮೇಲೆ. ಕರಿ ನೆಲದ ಬಿಸಿಲು ಅದು, ಮಧ್ಯಾಹ್ನದ ಗಾಳಿ ಒಲೆಯ ಬಾಯಿಂದ ಬಂದಂತೆ ಬರುತ್ತಿತ್ತು. ತಗಡಿನ ಮೇಲೆ ಬಿದ್ದ ಬಣ್ಣ ನುಣ್ಣಗೆ ಕೂಡುತ್ತಿರಲಿಲ್ಲ. ಒಣಗಿದ ಮೇಲೆ ಬೆರಳಾಡಿಸಿದರೆ ರವೆ ಉದುರಿಸಿದ ಹಾಗೆ ತರಿತರಿ.

"ಭಾಳ ದೂರ ಹಿಡದೀ. ಹತ್ತರ ಹಿಡಿ" ಎಂದ ದತ್ತಾತ್ರೇಯ.

ಹತ್ತಿರ ಹಿಡಿದಳು. ಬಣ್ಣ ಒಂದೇ ಕಡೆ ಕೂಡಿ, ಧಾರೆಯಾಗಿ ಕೆಳಗಿಳಿಯಿತು.

"ಇಷ್ಟು ಹತ್ತರಲ್ಲ!"

ದೂರ ಹಿಡಿದಳು. ಮತ್ತೆ ರವೆ.

"ಕೈ ಲಗೂ ಲಗೂ ನಡಸು. ಹಂಗಲ್ಲ. ಹಂಗಲ್ಲಂದ್ರ! ಗೆರಿ ಶುರು ಆಗೂವಲ್ಲಿ ಬಣ್ಣ ಕೂಡಿ ಗುಡ್ಡಿ ಬಿದ್ದಾವ ನೋಡು, ಮುಗಿಯೂವಲ್ಲಿನೂ ಬಿದ್ದಾವ. ಕಣ್ಣು ಎಲ್ಲಿ ಇಟ್ಟೀ?"

"ಗುಡ್ಡಿ ಬೀಳಬಾರದಂದ್ರ ಏನು ಮಾಡಬೇಕು ಹೇಳು."

"ಏನು ಮಾಡಬೇಕಂದ್ರ? ಸರೀತನಾಗಿ ಹೊಡೀಬೇಕು! ನನ್ನ ಕೈಲೆ ಎಂದೂ ಬೀಳ್ತಿದ್ದಿಲ್ಲ."

"ಇದು ನಿನ್ನ ಕೈಯಲ್ಲ ಅಣ್ಣಾ. ನನ್ನ ಕೈ" ಎಂದು ಇಂದಿರಾಬಾಯಿ ಬ್ರಶ್ಶನ್ನು ತೊಳೆದು ಮಖಮಲ್ಲಿನ ಮೇಲೆ ಇಟ್ಟು ಒಳಗೆ ಹೋದಳು. ಸಿಟ್ಟಿನಲ್ಲೂ ತೊಳೆಯುವುದನ್ನು ಮರೆಯಲಿಲ್ಲ ಎಂಬುದು ದತ್ತಾತ್ರೇಯನಿಗೆ ಆಮೇಲೆ ಹೊಳೆಯಿತು. ಆ ಗಳಿಗೆಯಲ್ಲಿ ಮಾತ್ರ ತನ್ನ ಮಾತಿಗೆ ತನಗೇ ಸಿಟ್ಟು ಬಂದು, ಅದು ತಂಗಿಯ ಮೇಲೇ ಉಳಿಯಿತು.

ಒಂದಿಷ್ಟು ದಿನ ಕಟ್ಟಿಗೆ ಖೋಲಿಯ ಬಾಗಿಲು ತೆರೆಯಲಿಲ್ಲ. ಆ ನಡುವೆ ಗಜೇಂದ್ರಗಡದಿಂದ ಮಗಳ ಮನೆಯವರ ಕರೆ ಬಂತು, ಮೊಮ್ಮಗನ ಜವಳ. ಗಂಡಹೆಂಡತಿ ಇಬ್ಬರೂ ಹೊರಟರು. ದತ್ತಾತ್ರೇಯ ಬರಲಾರೆ ಎಂದ. ಊಟದ ಪಂಕ್ತಿಯಲ್ಲಿ ಎಲ್ಲರ ಮುಂದೆ ಸಾರು ಚೆಲ್ಲಿಕೊಳ್ಳುವುದು ಅವನಿಗೆ ಬೇಡವಾಗಿತ್ತು.

ಮನೆಯಲ್ಲಿ ಯಾರೂ ಇಲ್ಲದ ಮಧ್ಯಾಹ್ನ ಅವನು ಖೋಲಿಯ ಬಾಗಿಲು ತೆಗೆದ. ಕಾಶೀಂಸಾಬನಿಂದ ಗಾಲಿಗೆ ಗಾಳಿ ತುಂಬಿಸಿ ತಂದಿದ್ದ. ತಗಡಿನ ಮೇಲೆ ಹೊಡೆದು ನೋಡುವ ತಾಳ್ಮೆ ಇರಲಿಲ್ಲ, ನೇರ ಹಡಗಿಗೇ ಹಿಡಿದ. ಬೂದು ಬಣ್ಣದ ಅಸ್ತರ, ಅಂದರೆ ಎಲ್ಲ ಬಣ್ಣಕ್ಕೂ ಮೊದಲು ಕೊಡುವ ಪದರ. ಬಲಗೈಯನ್ನು ಎಡಗೈಯಿಂದ ಬಿಗಿಹಿಡಿದು, ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು ಗುಂಡಿ ಅದುಮಿದ. ಮೊದಲ ಗೇಣು ಚಲೋ ಬಂತು. ಎದೆ ಹಿಗ್ಗಿತು. ಆಮೇಲೆ ಕೈ ಒಮ್ಮೆ ಜಿಗಿಯಿತು, ಬೆರಳು ಗುಂಡಿಯನ್ನು ಪೂರಾ ಹಿಂದಕ್ಕೆ ಜಗ್ಗಿತು, ಬಣ್ಣ ಭರ್ರನೆ ಬಂದು ಹಡಗಿನ ಪಕ್ಕೆಯಿಂದ ಕಿಟಕಿಗಳ ಮೇಲೆ, ಸಣ್ಣ ದೋಣಿಗಳ ಮೇಲೆ, ಹುರಿಯ ಏಣಿಯ ಮೇಲೆ ಸುರಿಯಿತು. ಒರೆಸಲು ಹೋದ, ಇನ್ನಷ್ಟು ಕೆಟ್ಟಿತು. ಕಡೆಗೆ ಹಡಗಿನ ಮೇಲೆ ಒಂದು ದೊಡ್ಡ ಬುಟ್ಟಿ ಬೋರಲು ಹಾಕಿ, ಬಾಗಿಲು ಎಳೆದುಕೊಂಡು ಹೊರಬಂದು ಬೇವಿನ ಗಿಡದ ಕಟ್ಟೆಯ ಮೇಲೆ ಕೂತ.

ಇಂದಿರಾಬಾಯಿ ಮರಳಿ ಬಂದವಳು ಥಿನ್ನರಿನ ವಾಸನೆಯಿಂದಲೇ ಅರ್ಥ ಮಾಡಿಕೊಂಡಳು. ಬುಟ್ಟಿ ಎತ್ತಿ ನೋಡಿದಳು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ಕೂಗಿದಳು.

"ಅಣ್ಣಾ, ಥಿನ್ನರ್ ಎಲ್ಲಿಟ್ಟೀ? ಮತ್ತ ಬಾ ಇಲ್ಲೆ. ಒಬ್ಬಾಕಿಗೇ ಆಗೂದಿಲ್ಲ ಇದು."

ಅವನು ಬಂದು ಬಾಗಿಲಲ್ಲಿ ನಿಂತ. "ನೀ ಒಂದು ಮಾತೂ ಅನ್ನೂದಿಲ್ಲೇನು?"

"ಏನಂತ ಅನ್ನಲಿ? ನಿನ್ನ ಹಡಗ, ನೀ ಕೆಡಸೀದಿ. ನಾ ಕೆಡಸಿದ್ರ ಬ್ಯಾರೆ ಮಾತಿತ್ತು."

ಅರಿವೆಯ ಚಿಂದಿಯನ್ನು ಥಿನ್ನರಿನಲ್ಲಿ ಅದ್ದಿ ಇಬ್ಬರೂ ಕೂಡಿ ಬಣ್ಣ ತೆಗೆಯತೊಡಗಿದರು. ಸಂದಿಗೊಂದಿಗಳಲ್ಲಿ ಅವಳು, ಅಗಲವಾದ ಪಕ್ಕೆಯಲ್ಲಿ ಅವನು. ಒರೆಸುವುದಕ್ಕೆ ನಡುಗುವ ಕೈಯೂ ನಡೆಯುತ್ತಿತ್ತು. ಅವನು ಜೀವಮಾನದ ಕೆಲಸವನ್ನು ಒರೆಸುತ್ತಿರುವವನಂತೆ ಮುಖ ಇಳಿಬಿಟ್ಟಿದ್ದ. ಅವಳು ಮಾತ್ರ ಗಜೇಂದ್ರಗಡದ ಸುದ್ದಿ ಹೇಳುತ್ತಿದ್ದಳು. ಮೊಮ್ಮಗ ಕತ್ತರಿ ಕಂಡ ಕೂಡಲೇ ಹ್ಯಾಗೆ ಚೀರಿದ, ಬೀಗರ ಮನೆಯ ಹೋಳಿಗೆ ಎಷ್ಟು ದಪ್ಪ ಇದ್ದವು, ಎಂದು. ಅರ್ಧ ಮುಗಿದ ಮೇಲೆ ಆಕೆ ಕೈ ನಿಲ್ಲಿಸಿ ಪಕ್ಕದಲ್ಲಿದ್ದ ಒಂದು ಚಮಚೆಯನ್ನು ಅಣ್ಣನಿಗೆ ಚಾಚಿದಳು.

"ಇದನ್ನ ಬ್ರಶ್ ಅಂತ ತಿಳಿ. ಹಡಗದ ಈ ತುದಿಯಿಂದ ಆ ತುದಿ ತನಕ ಹೊಡದು ತೋರಿಸು."

"ಕೈ ನಡಗತದಲ್ಲ."

"ನಡಗಲಿ. ಬಣ್ಣ ಎಲ್ಲದ ಅದರಾಗ, ಚೆಲ್ಲಲಿಕ್ಕೆ? ತೋರಿಸು."

ಅವನು ಸಂಕೋಚದಿಂದ ಚಮಚೆ ಹಿಡಿದ. ಹಡಗಿನ ಉದ್ದಕ್ಕೆ ಗಾಳಿಯಲ್ಲಿ ಕೈ ಆಡಿಸಿದ. ಕೈ ನಡುಗುತ್ತಿತ್ತು, ಚಮಚೆಯ ತುದಿ ತಟತಟ ಕುಣಿಯುತ್ತಿತ್ತು. "ಇನ್ನೊಮ್ಮೆ" ಎಂದಳು. ಇನ್ನೊಮ್ಮೆ ಆಡಿಸಿದ. ಮೂರನೆಯ ಸಲಕ್ಕೆ ಅವಳು ಅವನ ಬೆರಳನ್ನು ನೋಡುವುದು ಬಿಟ್ಟು ಮೊಣಕೈ ನೋಡಿದಳು.

"ತಡಿ. ನೀ ಎಲ್ಲಿಂದ ಶುರು ಮಾಡತೀ ನೋಡು."

"ತುದಿಯಿಂದ."

"ತುದಿಯಿಂದಲ್ಲ. ತುದಿ ಇನ್ನೂ ಒಂದು ಗೇಣು ಅದ ಅನ್ನೂದರಾಗ ನಿನ್ನ ಕೈ ಹೊರಟಿರ್ತದ. ಹಡಗ ಬಂದಮ್ಯಾಲ ಬೆರಳು ಒತ್ತತೀ. ಆ ಕಡೆನೂ ಹಂಗ, ಹಡಗ ಮುಗದ ಕೂಡಲೇ ಬೆರಳು ಬಿಡತೀ, ಕೈ ಮಾತ್ರ ಮುಂದ ಹೋಗತದ. ನಾ ಕೈ ನಿಲ್ಲಿಸಿಕೊಂಡು ಗುಂಡಿ ಒತ್ತಲಿಕ್ಹತ್ತಿದ್ದೆ. ಅದಕ್ಕ ಶುರುವಿಗೂ ಕಡೀಗೂ ಗುಡ್ಡಿ."

ದತ್ತಾತ್ರೇಯ ಚಮಚೆಯನ್ನು ಹಾಗೇ ಹಿಡಿದುಕೊಂಡು ಮತ್ತೊಮ್ಮೆ ಆಡಿಸಿದ, ಈ ಸಲ ತನ್ನ ಕೈಯನ್ನು ತಾನೇ ನೋಡುತ್ತ. ಖರೇ ಇತ್ತು. ಕೈ ಮೊದಲು ಹೊರಡುತ್ತಿತ್ತು, ಬೆರಳು ಆಮೇಲೆ. ಇದನ್ನು ಯಾರೂ ಅವನಿಗೆ ಕಲಿಸಿರಲಿಲ್ಲ. ಯಾವಾಗ ಕಲಿತೆ ಎಂದೂ ಗೊತ್ತಿರಲಿಲ್ಲ. ಇಷ್ಟು ವರ್ಷ ಅವನಿಗೇ ತಿಳಿಯದಂತೆ ಕೈ ಅದನ್ನು ಇಟ್ಟುಕೊಂಡಿತ್ತು. ಈಗ ಬೆರಳು ಮಾತು ಕೇಳದಿದ್ದರೂ ಮೊಣಕೈ ಇನ್ನೂ ಮರೆತಿರಲಿಲ್ಲ.

"ನನಗ ಗೊತ್ತಿದ್ದಿಲ್ಲ ಇಂದೂ" ಎಂದ. "ಗೊತ್ತಿದ್ರ ಹೇಳ್ತಿದ್ದೆ. ಅವತ್ತು ನಿನ್ನ ಮ್ಯಾಲ ಸುಮ್ಮನ ಒದರಾಡಿದೆ."

"ಒದರಾಡಿದಿ, ಖರೇ" ಎಂದಳು ಅವಳು, ಚಿಂದಿ ಅದ್ದುತ್ತ. "ಇನ್ನ ರವಾದ್ದೊಂದು ಉಳೀತು. ಅದು ಯಾಕ ಆಗತದ? ಮುಂಬೈದಾಗ ಆಗ್ತಿತ್ತೇನು?"

"ಇಲ್ಲ."

"ಅಲ್ಲಿ ಮಧ್ಯಾಹ್ನ ಹೊಡೀತಿದ್ದಿಯೇನು?"

"ಯಾವಾಗ ಬೇಕಾದ್ರೂ. ಅಲ್ಲಿ ಗಾಳಿ ಯಾವಾಗಲೂ ಹಸೀದು, ಸಮುದ್ರದ್ದು." ಹೇಳುತ್ತಿದ್ದಂತೆ ಅವನಿಗೇ ಹೊಳೆಯಿತು. "ಇಲ್ಲಿ ಗಾಳಿ ಒಣಾದು. ಬಣ್ಣ ಮೂತಿ ಬಿಟ್ಟು ಹಡಗ ಮುಟ್ಟೂದರಾಗ ದಾರಿಯೊಳಗ ಒಣಗಲಿಕ್ಹತ್ತದ. ಹನಿಯಾಗಿ ಹೊರಟಿದ್ದು ಪುಡಿಯಾಗಿ ಬೀಳತದ!"

"ಮಧ್ಯಾಹ್ನ ಸಂಡಿಗಿ ಇಟ್ರನೂ ಹಂಗ. ಹರವೂದರಾಗ ಅಂಚು ಒಣಗಿರ್ತದ. ನಾವು ಮುಂಜಾನೆ ಇಡತೀವಿ" ಎಂದಳು ಇಂದಿರಾಬಾಯಿ.

ಮರುದಿನ ಬೆಳಕು ಹರಿದ ಕೂಡಲೇ ಇಬ್ಬರೂ ಖೋಲಿಯಲ್ಲಿದ್ದರು. ನೆಲಕ್ಕೆ ನೀರು ಚಿಮುಕಿಸಿ ಧೂಳು ಕೂಡಿಸಿದ್ದಳು. ಥಿನ್ನರ್ ಒಂದಿಷ್ಟು ಹೆಚ್ಚು ಬೆರೆಸಿದರು. ಅವಳು ತಗಡಿನ ಮುಂದೆ ನಿಂತು ಮೊದಲು ಕೈ ಹೊರಡಿಸಿದಳು, ಆಮೇಲೆ ಗುಂಡಿ ಒತ್ತಿದಳು. ಬಣ್ಣ ಹಸಿಯಾಗಿ ಕೂತು, ಕಣ್ಣೆದುರೇ ನುಣ್ಣಗಾಗಿ, ಮೆಲ್ಲಗೆ ಹೊಳಪು ಬಿಟ್ಟುಕೊಟ್ಟು ಒಣಗಿತು. ಗುಡ್ಡಿ ಇಲ್ಲ, ರವೆ ಇಲ್ಲ. ದತ್ತಾತ್ರೇಯ ಬೆರಳಾಡಿಸಿ ನೋಡಿ, ಹಡಗಿನ ಮೇಲಿನ ಬುಟ್ಟಿ ಎತ್ತಿದ.

ಅಂದಿನಿಂದ ಕೆಲಸ ಮುಂದೆ ಸಾಗಿತು, ಆದರೆ ನೇರ ದಾರಿಯಲ್ಲಿ ಅಲ್ಲ. ಅಸ್ತರ ಅರ್ಧ ಚಲೋ ಬಂದು, ಆಮೇಲೆ ತಾನಾಗಿಯೇ ಚುಕ್ಕೆ ಚುಕ್ಕೆ ಬೀಳತೊಡಗಿತು. ಸೋಸಿದ್ದಾಯಿತು, ಸೂಜಿ ತೊಳೆದದ್ದಾಯಿತು, ಚುಕ್ಕೆ ಹೋಗಲಿಲ್ಲ. ಮುಂಬೈಯ ಗಾಳಿ ಯಂತ್ರದಲ್ಲಿ ಇಂಥದು ಅವನು ಕಂಡಿರಲಿಲ್ಲ. ಇಂದಿರಾಬಾಯಿ ಸುಮ್ಮನೆ ಗಾಲಿಯ ಮೇಲೆ ಕೂತಳು, ದಣಿವಾರಿಸಿಕೊಳ್ಳಲು. ಕೂತವಳು ತಟ್ಟನೆ ಎದ್ದಳು. ಶುರುವಿನಲ್ಲಿ ಕಲ್ಲಿನಂತಿದ್ದ ಟಾಯರು ಈಗ ಮೆತ್ತಗಾಗಿತ್ತು. ಗಾಳಿ ತೀರುತ್ತ ಬಂದಂತೆ ಒತ್ತುವ ಕಸುವು ಕಡಿಮೆಯಾಗಿ ಬಣ್ಣ ಸಣ್ಣಗೆ ಒಡೆಯುತ್ತಿರಲಿಲ್ಲ. ಕಾಶೀಂಸಾಬನಿಗೆ ಹೇಳಿದಾಗ ಅವನು ಇನ್ನೊಂದು ಗಾಲಿ ತಂದ.

"ಒಂದು ಮೆತ್ತಗಾತು ಅಂದ್ರ ಇನ್ನೊಂದಕ್ಕ ನಳಿಗಿ ಹಾಕ್ರಿ ಬಾಯಾರ. ಅಷ್ಟರಾಗ ಮೊದಲಿಂದು ನಾ ತುಂಬಿ ಕೊಡ್ತೀನಿ. ಹಡಗ ನೀರಿಗೆ ಬಿಡೂ ದಿನಾ ನನಗೂ ಹೇಳ್ರಿ ಮತ್ತ!"

ಕೆಳಗಿನ ಅರ್ಧಕ್ಕೆ ಕೆಂಪು ಕೊಟ್ಟರು, ಮೇಲಿನ ಮನೆಗಳಿಗೆ ಬಿಳಿ. ಮುಂಬೈಯಿಂದ ತಂದ ಅಂಟು ಕಾಗದದ ಪಟ್ಟಿ ಹಚ್ಚಿ ಗಡಿ ಹಿಡಿದರು. ಪಟ್ಟಿಯ ಅಂಚನ್ನು ಉಗುರಿನಿಂದ ತೀಡದಿದ್ದರೆ ಬಣ್ಣ ಅಡಿಯಲ್ಲಿ ನುಸುಳುತ್ತದೆ ಎಂದು ದತ್ತಾತ್ರೇಯ ಹೇಳಿದ. ಅವಳು ತೀಡಿದಳು. ಕೆಲವೊಮ್ಮೆ ಅವನು ಹೇಳುವ ಮೊದಲೇ ಅವಳಿಗೆ ತಿಳಿಯುತ್ತಿತ್ತು, ಕೆಲವೊಮ್ಮೆ ಹೇಳಿದರೂ ತಿಳಿಯುತ್ತಿರಲಿಲ್ಲ. ಅಂಥಲ್ಲಿ ಅವನು ಒದರುವುದು ಬಿಟ್ಟು ಚಮಚೆ ಎತ್ತಿಕೊಳ್ಳುತ್ತಿದ್ದ. ಗುರುರಾಜರು ಕೋರ್ಟಿಗೆ ಹೊರಡುವ ಮೊದಲು ಖೋಲಿಗೆ ಇಣುಕಿ, "ಇವತ್ತು ಯಾವ ಬಂದರ ಮುಟ್ಟೀರಿ?" ಎಂದು ಕೇಳಿ ಹೋಗುವರು.

ಕಡೆಯ ಬಣ್ಣ ಕರಿದು, ನೀರಿನ ಗೆರೆಯ ಮೇಲಿನ ಪಕ್ಕೆಗೆ. ಅಷ್ಟರಲ್ಲಿ ಮಳೆಗಾಲ ಹಿಡಿದಿತ್ತು. ದೊಡ್ಡ ಮಳೆ ಇಲ್ಲ, ಮೋಡ ಕಟ್ಟಿ, ತಂಪು ಗಾಳಿ ಬೀಸಿ, ಆಗಾಗ ಜಿಟಿಜಿಟಿ ಹನಿ. ಇಂದಿರಾಬಾಯಿ ಒಂದು ಪಕ್ಕೆಗೆ ಪೂರಾ ಕರಿ ಹೊಡೆದು ಮುಗಿಸಿ ಹಿಂದೆ ಸರಿದಳು. ಕನ್ನಡಿಯಂತೆ ಬಂದಿತ್ತು. ಅವಳು ನೋಡುತ್ತಿದ್ದಂತೆಯೇ ಆ ಕರಿಯ ಮೇಲೆ ಮಸುಕು ಏರತೊಡಗಿತು. ಯಾರೋ ವಿಭೂತಿ ಊದಿದಂತೆ, ಪಕ್ಕೆಯುದ್ದಕ್ಕೂ ಬೆಳ್ಳಗೆ ಬೂದಿ ಬೂದಿಯಾಯಿತು.

ಇಷ್ಟು ದಿನ ಏನು ಕೆಟ್ಟರೂ ತಾಳಿಕೊಂಡವಳು ಇದನ್ನು ತಾಳಲಿಲ್ಲ. ಬ್ರಶ್ಶನ್ನು ಕೆಳಗಿಟ್ಟು ಕಣ್ಣಿಗೆ ಸೆರಗು ಹಚ್ಚಿದಳು.

"ಕೆಡಸಿದೆ ಅಣ್ಣಾ. ಇನ್ನ ಎಲ್ಲಾ ತೊಳೀಬೇಕು. ಮೊದಲಿಂದ ಎಲ್ಲಾ..."

"ಏನೂ ಕೆಟ್ಟಿಲ್ಲ, ಕೂಡು" ಎಂದ ದತ್ತಾತ್ರೇಯ. ಅವನ ದನಿಯಲ್ಲಿ ಅವಳು ಈವರೆಗೆ ಕೇಳದ ಒಂದು ಸಮಾಧಾನ ಇತ್ತು. "ಇದು ನನಗ ಗೊತ್ತಿದ್ದದ್ದು. ಮುಂಬೈದಾಗ ಆಷಾಢದಾಗ ಪ್ರತಿ ವರ್ಷ ಆಗೂದು. ನೀ ತಪ್ಪು ಮಾಡಿಲ್ಲ. ಥಿನ್ನರ್ ಹಾರೂ ಮುಂದ ಬಣ್ಣ ತಣ್ಣಗಾಗತದ, ಗಾಳಿಯೊಳಗಿನ ನೀರು ಅದರ ಮ್ಯಾಲ ಬಂದು ಕೂಡತದ. ಆ ನೀರೇ ಬೆಳ್ಳಗ ಕಾಣಸೂದು. ಕರೀ ಬಣ್ಣ ಅದರ ಕೆಳಗ ಹಂಗ ಅದ."

"ತಗೀಯೂದು ಹ್ಯಾಂಗ?"

"ಕಾಯೂದು. ಬಿಸಲು ಬೀಳಲಿ, ಗಾಳಿ ಒಣಗಲಿ. ಆಮ್ಯಾಲ ಬಟ್ಟಲಕ್ಕ ಬಣ್ಣ ಹಾಕಬ್ಯಾಡ, ಬರೇ ಥಿನ್ನರ್ ಹಾಕಿ ಮಂಜಿನ್ಹಾಂಗ ಒಂದು ಸಲ ಹೊಡೀ. ಮ್ಯಾಲಿನ ಪದರ ಕರಗಿ, ನೀರು ಹೊರಗ ಬಿಟ್ಟು, ಮತ್ತ ಕೂಡತದ. ತೋಯಸಬ್ಯಾಡ ಮತ್ತ, ತೋಯಸಿದ್ರ ಇಳದು ಹೋಗತದ."

ಅವರು ಕಾದರು. ಮೋಡ ಒಡೆಯಲಿಲ್ಲ. ಇಂದಿರಾಬಾಯಿ ಅಡಿಗೆ ಮಾಡುತ್ತ ನಡುನಡುವೆ ಹೋಗಿ ಬುಟ್ಟಿ ಎತ್ತಿ ನೋಡಿ ಬರುವಳು. "ನೋಡಿದ್ರ ಅದೇನು ಒಣಗತದೇನು?" ಎಂದು ದತ್ತಾತ್ರೇಯ ಅಂದರೂ ಅವನೂ ಗುಟ್ಟಾಗಿ ನೋಡಿ ಬರುವುದು ಅವಳಿಗೆ ಗೊತ್ತಿತ್ತು. ಕಡೆಗೊಂದು ದಿನ ಊಟದ ಹೊತ್ತಿಗೆ ಬಿಸಿಲು ಬಿತ್ತು. ಗೋಡೆಗಳು ಬೆಚ್ಚಗಾದವು. ಉಣ್ಣುವುದನ್ನು ಅರ್ಧಕ್ಕೆ ಬಿಟ್ಟು ಇಬ್ಬರೂ ಎದ್ದರು. ಗುರುರಾಜರೂ ಕೈ ತೊಳೆದು ಹಿಂದೆ ಬಂದರು.

ಅವಳು ಬಟ್ಟಲಿಗೆ ಬರಿ ಥಿನ್ನರ್ ಹಾಕಿದಳು. ಗಾಲಿಯನ್ನು ಒತ್ತಿ ನೋಡಿದಳು. ಹಡಗಿನ ಮೂತಿಯಿಂದ ಒಂದು ಗೇಣು ಈಚೆ ಕೈ ಹೊರಟಿತು. ಮಂಜು ತಾಗಿದ ಕಡೆ ಬೂದಿ ಕರಗುತ್ತ, ಒದ್ದೆ ಕರಿ ಮೇಲೆದ್ದು ಬರುತ್ತ, ಕೈ ಕೊನೆಯವರೆಗೆ ಒಂದೇ ಉಸಿರಿನಲ್ಲಿ ಹೋಯಿತು. ಅವಳು ಬೆರಳು ಬಿಟ್ಟಳು, ಕೈ ಆಚೆ ಸಾಗಿ ನಿಂತಿತು. ಮೂವರೂ ಉಸಿರು ಬಿಡದೆ ಕಾದರು. ಈ ಸಲ ಮಸುಕು ಬರಲಿಲ್ಲ. ಕರಿ ಪಕ್ಕೆಯಲ್ಲಿ ಖೋಲಿಯ ಬಾಗಿಲು, ಬಾಗಿಲಾಚೆಯ ಬೇವಿನ ಗಿಡ, ವಕೀಲರ ಬಿಳಿ ಅಂಗಿ ಎಲ್ಲ ಸಣ್ಣಗೆ ಕಾಣುತ್ತಿದ್ದವು.

"ದತ್ತೋಪಂತರ," ಎಂದರು ಗುರುರಾಜರು, ಈ ಸಲ ಚೇಷ್ಟೆ ಮಾಡದೆ, "ಇಷ್ಟೆಲ್ಲಾ ಕಷ್ಟಪಟ್ಟು ಇದನ್ನ ಯಾತಕ್ಕ ಮಾಡೂದು ಅಂತ ನನಗ ತಿಳೀತಿದ್ದಿಲ್ಲ. ಈಗೂ ತಿಳಿದದ ಅಂತ ಹೇಳಲಾರೆ. ಆದರ ಚಂದ ಆಗೇದ ನೋಡ್ರಿ."

"ನನಗೂ ತಿಳೀದು" ಎಂದ ದತ್ತಾತ್ರೇಯ. "ರವಿವಾರ ಕೈಗೆ ಏನರ ಬೇಕಾಗ್ತಿತ್ತು. ಈಗ ಕೈ ಹೋತು, ರವಿವಾರ ಉಳದಾವ."

ಇನ್ನೊಂದು ಪಕ್ಕೆಯೂ ಹೀಗೆಯೇ ಮುಗಿಯಿತು. ಹಡಗನ್ನು ಪಡಸಾಲೆಯ ಗೂಡಿನಲ್ಲಿ ಇಟ್ಟರು. ಕಾಶೀಂಸಾಬ ಹೆಂಡತಿ ಮಕ್ಕಳನ್ನು ಕರೆದುಕೊಂಡು ನೋಡಲು ಬಂದ. ಓಣಿಯವರು ಬಂದರು. ಸಮುದ್ರ ಕಂಡವರು ಅವರಲ್ಲಿ ಯಾರೂ ಇರಲಿಲ್ಲ, ಆದರೂ ಎಲ್ಲರೂ ಹಡಗು ಎಂದರೆ ಹೀಗೇ ಇರಬೇಕು ಎಂದರು. ದತ್ತಾತ್ರೇಯ ಮಕ್ಕಳಿಗೆ ಎಲ್ಲಿ ಕಲ್ಲಿದ್ದಲು ಹಾಕುತ್ತಾರೆ, ಎಲ್ಲಿ ಪ್ರಯಾಣಿಕರು ಮಲಗುತ್ತಾರೆ ಎಂದು ತೋರಿಸಿದ. ನಡುಗುವ ಬೆರಳನ್ನು ಬಚ್ಚಿಡಲಿಲ್ಲ.

ಎಲ್ಲರೂ ಹೋದ ಮೇಲೆ ಅವನು, ಒಲೆಯ ಮೇಲೆ ಬೆಲ್ಲದ ಪಾಕ ಇಟ್ಟಿದ್ದ ತಂಗಿಯನ್ನು ಕರೆದ. "ಇಂದೂ, ಟ್ರಂಕಿನ್ಯಾಗ ಇನ್ನೊಂದು ನಕ್ಷಿ ಅದ. ಹಾಯಿ ಹಡಗದ್ದು. ಕೆತ್ತೂದನ್ನೂ ನೀ ಕಲೀಬಹುದು, ಉಳಿ ಹಿಡಿಯೂದು ಅಷ್ಟೇನು ಕಠಿಣ ಇಲ್ಲ. ನಾಳೆ ಶುರು ಮಾಡೋಣೇನು?"

"ನಾಳೆ? ನಾಲ್ಕು ದಿನಕ್ಕ ಪಂಚಮಿ ಬಂತು. ಶೇಂಗಾದ್ದು, ಎಳ್ಳಿಂದು, ಅಳ್ಳಿಟ್ಟಿಂದು, ಎಷ್ಟು ಥರದ ಉಂಡಿ ಕಟ್ಟಬೇಕು ಗೊತ್ತದೇನು ನಿನಗ? ಗಜೇಂದ್ರಗಡದಿಂದ ಮಗಳು ಬರತಾಳ. ಹಡಗ ಹಿಡಕೊಂಡು ಕೂತ್ರ ಉಂಡಿ ಯಾರು ಕಟ್ಟತಾರ?"

ದತ್ತಾತ್ರೇಯ ಅಂಗಿಯ ತೋಳು ಮೇಲೇರಿಸಿಕೊಂಡು ಅಡಿಗೆಮನೆಯ ಕಡೆ ನಡೆದ.

"ನಾ ಕಟ್ಟತೀನಿ, ತಾ. ಸ್ವಲ್ಪ ಸೊಟ್ಟ ಆಗತಾವ, ಅಷ್ಟ."

"ಸೊಟ್ಟ ಆದ್ರ ಆಗಲಿ, ಬೆಲ್ಲದ ಪಾಕ ಬಿಸಿ ಇರೂತನಕ ಕಟ್ಟಿ ಮುಗಸು" ಎಂದಳು ಇಂದಿರಾಬಾಯಿ, ಪಾಕ ಕಲೆಸಿದ ಪರಾತವನ್ನು ಅವನ ಮುಂದೆ ಸರಿಸುತ್ತ.